ಮನೆಯ ಗುಮಾಸ್ತಿಕೆ

ವೈಫೈ ಪಾಸ್‌ವರ್ಡ್ ಯಾವುದೆಂದು ಮನೆಮಂದಿಯೆಲ್ಲ ಯಾರನ್ನು ಕೇಳುತ್ತಾರೋ ಅವರೇ ಆ ಮನೆಯ ಗುಮಾಸ್ತರು. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಗ್ಯಾಸಿನ ಗ್ರಾಹಕ ಸಂಖ್ಯೆ, ಯಾರ ಆಧಾರ್‌ಗೆ ಯಾವ ಮೊಬೈಲ್ ಸೇರಿದೆ, ಕೇಬಲ್ ರೀಚಾರ್ಜ್ ಯಾವತ್ತು ಮುಗಿಯುತ್ತದೆ, ಅತ್ತೆಯ ಬಿಪಿ ಮಾತ್ರೆ ಎಷ್ಟು ಉಳಿದಿದೆ, ಮಾವನವರ ಹಳೆಯ ರಿಪೋರ್ಟುಗಳು ಯಾವ ಪ್ಲಾಸ್ಟಿಕ್ ಕವರಿನಲ್ಲಿವೆ, ಇಷ್ಟೂ ಅವರ ತಲೆಯಲ್ಲಿರಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಿಯಾದವಳು ನಾನು, ಹಾಗಾಗಿ ಕಾಗದ ಪತ್ರವೆಲ್ಲ ನನಗೇ ಸರಿ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿಹೋಯಿತು.

ಬ್ಯಾಂಕಿನಲ್ಲಿದ್ದಾಗ ಹಳ್ಳಿಯಿಂದ ಬಂದವರಿಗೆ ವಿತ್‌ಡ್ರಾಯಲ್ ಸ್ಲಿಪ್ ತುಂಬಿಕೊಡುತ್ತಿದ್ದೆ. ಹೆಬ್ಬೆಟ್ಟಿನವರಿದ್ದರೆ ಶಾಯಿಯ ಪ್ಯಾಡ್ ಹತ್ತಿರಕ್ಕೆ ಸರಿಸಿ ಬೆರಳು ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದೆ. ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಅರ್ಥವಾಗದಿದ್ದರೆ "ಇದೇನಕ್ಕ, ಇಪ್ಪತ್ತು ರೂಪಾಯಿ ಹಿಡಿದಿದ್ದೀರಿ" ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಆ ಕೆಲಸಕ್ಕೆ ಬ್ಯಾಂಕು ನನಗೆ ಸಂಬಳ ಕೊಡುತ್ತಿತ್ತು. ಈಗ ಅದೇ ಕೆಲಸವನ್ನು ಗ್ರಾಹಕರು ಮನೆಯಲ್ಲಿ ಕೂತು ತಮಗೆ ತಾವೇ ಮಾಡಿಕೊಳ್ಳುತ್ತಿದ್ದಾರೆ. ಅರ್ಜಿ ತುಂಬುವವರು, ದಾಖಲೆಯ ಫೋಟೊ ತೆಗೆದು ಅಪ್‌ಲೋಡ್ ಮಾಡುವವರು, ತಪ್ಪಾದರೆ ಮೊದಲಿಂದ ಶುರು ಮಾಡುವವರು ಎಲ್ಲ ನಾವೇ. ಆನ್‌ಲೈನ್ ಬಂದು ಅನುಕೂಲವಾಗಿದೆ, ಕ್ಯೂ ತಪ್ಪಿದೆ, ಅದು ನಿಜ. ಆದರೆ ಕೌಂಟರಿನ ಆಚೆಗಿದ್ದ ದುಡಿಮೆ ಈಚೆಗೆ ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮಾವನವರ ಟ್ರಂಕಿನಲ್ಲಿ ಇವತ್ತಿಗೂ ಒಂದು ರೇಡಿಯೊ ಲೈಸೆನ್ಸ್ ಪುಸ್ತಕವಿದೆ. ಅಂಗೈಯಗಲದ್ದು, ಮೂಲೆಗಳು ಸವೆದಿವೆ, ಒಳಗೆ ವರ್ಷವರ್ಷದ ಸ್ಟಾಂಪುಗಳ ಮೇಲೆ ಅಂಚೆ ಕಚೇರಿಯ ದುಂಡು ಮೊಹರು. ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಮೊಹರು ಹಾಕಿಸಿಕೊಳ್ಳಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ನಮ್ಮೂರಿಗೆ ರೇಡಿಯೊ ಬಂದದ್ದು ಅದಕ್ಕೂ ಬಹಳ ಹಿಂದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು, ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂತು. ಕೇಳುವವರ ಮನೆಯಲ್ಲಿ ಇದ್ದದ್ದು ಎರಡು ತಿರುಪು: ಒಂದು ದನಿಗೆ, ಇನ್ನೊಂದು ಸ್ಟೇಷನ್ನಿಗೆ. ಆ ಕಾಲವೇ ಚೆಂದ ಎನ್ನುವವಳು ನಾನಲ್ಲ. ಲೈಸೆನ್ಸ್ ಕಟ್ಟದವರಿಗೆ ದಂಡವೂ ಬೀಳುತ್ತಿತ್ತು, ಕೇಳಲು ಸಿಗುತ್ತಿದ್ದದ್ದೂ ಅಷ್ಟಕ್ಕಷ್ಟೇ. ಆದರೂ ಆ ಪುಸ್ತಕ ತೆರೆದರೆ ಏನು ಕೊಟ್ಟೆವು, ಯಾರಿಗೆ ಕೊಟ್ಟೆವು, ಯಾವ ದಿನ ಕೊಟ್ಟೆವು ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತದೆ. ಇವತ್ತು ನಮ್ಮ ಮನೆಯ ಟೀವಿಗೆ ಹೀಗೊಂದು ಪುಟ ತಯಾರಿಸಿಕೊಡಿ ಎಂದರೆ ನನಗೂ ಅರ್ಧ ದಿನ ಬೇಕು.

ಕೇಬಲ್ಲಿನ ಹುಡುಗ ಮೊದಲು ತಿಂಗಳ ಶುರುವಿನಲ್ಲಿ ಸೈಕಲ್ಲಿನಲ್ಲಿ ಬಂದು ರಸೀತಿ ಹರಿದುಕೊಡುತ್ತಿದ್ದ. ಚಿತ್ರ ಮಸುಕಾಗಿದೆಯೆಂದರೆ ಅವನೇ ಮಾಳಿಗೆ ಹತ್ತಿ ವೈರು ನೋಡುತ್ತಿದ್ದ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ: ನೋಡುವ ಚಾನೆಲ್ಲಿಗೆ ಮಾತ್ರ ದುಡ್ಡು ಕೊಡಿ, ಪ್ರತಿ ಚಾನೆಲ್ಲಿಗೂ ಬೆಲೆ ಹಾಕುತ್ತೇವೆ ಎಂದರು. ಬಾಕ್ಸಿನ ನೆಲಬಾಡಿಗೆಯ ಹಾಗೆ ಮೊದಲ 100 ಚಾನೆಲ್ಲಿಗೆ ಹೆಚ್ಚೆಂದರೆ 130 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಇದರ ಮೇಲೆ ಪೇ ಚಾನೆಲ್ಲುಗಳ ಬೆಲೆ ಬೇರೆ, ಅವುಗಳನ್ನು ಕಟ್ಟು ಮಾಡಿದ ಪ್ಯಾಕುಗಳ ಬೆಲೆ ಇನ್ನೂ ಬೇರೆ. 2024ರಲ್ಲಿ ಆ 130ರ ಮಿತಿಯನ್ನೂ ತೆಗೆದು, ದರ ನಿಗದಿಯನ್ನು ಸೇವೆ ಕೊಡುವವರಿಗೇ ಬಿಟ್ಟರು. ಆಯ್ಕೆಯ ಸ್ವಾತಂತ್ರ್ಯ ಕೊಟ್ಟರು, ಸರಿ. ಅದನ್ನು ಬಳಸಬೇಕಾದರೆ ನೂರಾರು ಹೆಸರಿನ ಪಟ್ಟಿ ಮುಂದಿಟ್ಟುಕೊಂಡು ಅತ್ತೆಗೆ ಯಾವ ಧಾರಾವಾಹಿ, ಮಾವನವರಿಗೆ ಯಾವ ಸುದ್ದಿ, ಯಾವುದು ಯಾವ ಪ್ಯಾಕಿನಲ್ಲಿದೆ ಎಂದು ಗುರುತು ಹಾಕುವವರು ಒಬ್ಬರು ಬೇಕು. ಗುಮಾಸ್ತರಿಲ್ಲದ ಮನೆಗಳವರು ದೊಡ್ಡ ಪ್ಯಾಕು ಹಾಕಿಸಿಕೊಂಡು ಸುಮ್ಮನಾದರು. ಅವರು ನೋಡದ ಕ್ರೀಡಾ ಚಾನೆಲ್ಲಿಗೂ ಹೊರಭಾಷೆಯ ಸಿನಿಮಾ ಚಾನೆಲ್ಲಿಗೂ ತಿಂಗಳು ತಿಂಗಳು ದುಡ್ಡು ಹೋಗುತ್ತಿದೆ.

ರಿಮೋಟಿನ ವಿಚಾರದಲ್ಲಿ ನನಗೆ ಸಿಟ್ಟಿದೆ. ವಯಸ್ಸಾದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಮಕ್ಕಳು ಬಲು ಸುಲಭವಾಗಿ ಹೇಳುತ್ತಾರೆ. ನಮ್ಮ ಅತ್ತೆ ಚಂದನ ವಾಹಿನಿಯ 'ಥಟ್ ಅಂತ ಹೇಳಿ' ನೋಡುವಾಗ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿಬಿಡುತ್ತಾರೆ. ಕುಮಾರವ್ಯಾಸನಿಂದ ಹಿಡಿದು ಕೆಮಿಸ್ಟ್ರಿಯವರೆಗೆ ಓಡುವ ತಲೆ ಅದು. ಅಂಥವರು ಟೀವಿಯದೊಂದು, ಬಾಕ್ಸಿನದೊಂದು ಎಂದು ಎರಡು ರಿಮೋಟು ಹಿಡಿದು 'ನೋ ಸಿಗ್ನಲ್' ಎಂಬ ನೀಲಿ ಪರದೆಯ ಮುಂದೆ ಕೂತಿರುವುದನ್ನು ನೋಡಿದರೆ ಕೊರತೆ ಯಾರದೆಂದು ನನಗೆ ಅನುಮಾನವೇ ಉಳಿಯುವುದಿಲ್ಲ. ಮೂಲೆಯಲ್ಲಿರುವ ಒಂದು ಸಣ್ಣ ಗುಂಡಿಗೆ ಕೈ ತಾಗಿದರೆ ಟೀವಿ ಎಚ್‌ಡಿಎಂಐ ಒಂದರಿಂದ ಎರಡಕ್ಕೆ ಹಾರುತ್ತದೆ. ಆ ಗುಂಡಿಯ ಮೇಲಿನ ಅಕ್ಷರ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಚಿಕ್ಕದು, ಇಂಗ್ಲಿಷಿನದು. ನಾನು ಬೇಕಾದ ಗುಂಡಿಗಳ ಮೇಲೆ ಕೆಂಪು ಉಗುರು ಬಣ್ಣದ ಬೊಟ್ಟಿಟ್ಟೆ, ಬೇಡದವುಗಳ ಮೇಲೆ ಇನ್ಸುಲೇಷನ್ ಟೇಪು ಸುತ್ತಿದೆ. ಅದು ನಡೆಯಿತು. ಆಮೇಲೊಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಪರದೆಯ ಮೇಲಿನ ಚೌಕಗಳೇ ಜಾಗ ಬದಲಾಯಿಸಿದವು. ಮೊದಲ ಸಾಲಿನಲ್ಲಿ ಜಾಹೀರಾತು, ಅತ್ತೆಯ ಚಾನೆಲ್ಲು ಎಲ್ಲೋ ಕೆಳಗೆ. ಅವರು ಕಷ್ಟಪಟ್ಟು ಕಲಿತದ್ದನ್ನು ಯಾರೋ ಅವರನ್ನು ಕೇಳದೆ ಅಳಿಸಿಹಾಕಿದ್ದರು.

ಸಿನಿಮಾ ಆ್ಯಪುಗಳದ್ದು ಬೇರೆಯೇ ಕಥೆ. ಒಂದು ತಿಂಗಳು ಉಚಿತವೆಂದು ಸೇರಿಸಿಕೊಳ್ಳುತ್ತಾರೆ, ಆಟೊಪೇಗೆ ಒಪ್ಪಿಗೆ ತೆಗೆದುಕೊಳ್ಳುತ್ತಾರೆ. ಸೇರುವ ಗುಂಡಿ ಅಂಗೈಯಷ್ಟು ದೊಡ್ಡದಾಗಿ ಎದುರಿಗೇ ಇರುತ್ತದೆ. ಬಿಡುವ ದಾರಿ ಖಾತೆ, ಸೆಟ್ಟಿಂಗ್ಸ್, ಪ್ಲಾನ್ ಎಂದು ಒಳಗೊಳಗೆ ಹೋಗಿ, "ನಿಜವಾಗಿಯೂ ಹೋಗುತ್ತೀರಾ" ಎಂದು ಮತ್ತೆ ಮತ್ತೆ ಕೇಳಿಸಿಕೊಂಡು ಮುಗಿಯುತ್ತದೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಬಿಗಿಯಾದ ನಿಯಮ ತಂದಿದೆ: ಹೀಗೆ ತಾನಾಗಿ ದುಡ್ಡು ಹೋಗುವ 24 ಗಂಟೆ ಮೊದಲು ತಿಳಿಸಬೇಕು, ಬೇಡವೆನ್ನಲು ಅವಕಾಶವಿರಬೇಕು. ಸೇರಿಸಿಕೊಂಡು ಬಿಡದಿರುವ ಇಂಥ ಬಲೆಯೂ ಸೇರಿ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದೆ. ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಆ ಮುನ್ಸೂಚನೆ ಬರುವುದು ಮಾತ್ರ ಸಾಲ ಬೇಕೆ, ನಿವೇಶನ ಬೇಕೆ ಎನ್ನುವ ಹತ್ತಾರು ಎಸ್‌ಎಂಎಸ್‌ಗಳ ನಡುವೆ, ಇಂಗ್ಲಿಷಿನಲ್ಲಿ, ಯಾವ ಕಂಪನಿಯೆಂದು ತಕ್ಷಣ ತಿಳಿಯದ ಹೆಸರಿನಲ್ಲಿ.

ಇಷ್ಟೆಲ್ಲ ಹೋದರೆ ಇನ್ನೂರು, ಮುನ್ನೂರು ರೂಪಾಯಿಯ ಮಾತು. ಆಸ್ಪತ್ರೆಯ ಬಿಲ್ಲು ಬಂದಾಗ ಈ ಗುಮಾಸ್ತಿಕೆಯ ತೂಕ ತಿಳಿಯುತ್ತದೆ.

ಮಾವನವರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಪಾಲಿಸಿ ಮೂರು ಲಕ್ಷದ್ದು. ಅದರಲ್ಲಿ ಕೊಠಡಿ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 1, ಎಂದರೆ 3,000 ರೂಪಾಯಿ ಮಾತ್ರ. ಅಡ್ಮಿಷನ್ ಕೌಂಟರಿನಲ್ಲಿ ಆ ದರದ ಕೊಠಡಿ ಖಾಲಿಯಿಲ್ಲ, 4,500ರದ್ದು ಇದೆ ಎಂದರು. ಹೊಟ್ಟೆನೋವಿನಿಂದ ಮುದುಡಿಕೊಂಡಿದ್ದವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಇನ್ನೊಂದು ಆಸ್ಪತ್ರೆ ಹುಡುಕುವುದು ಹೇಗೆ? ದಿನಕ್ಕೆ 1,500 ಕೈಯಿಂದ ಹೋಗುತ್ತದೆ, ಹೋಗಲಿ ಎಂದು ಮನೆಯವರೆಲ್ಲ ಒಪ್ಪಿದರು. ಪಾಲಿಸಿಯ ಲೆಕ್ಕ ಅಷ್ಟಕ್ಕೆ ನಿಲ್ಲುವುದಿಲ್ಲ. ಮಿತಿಗಿಂತ ದುಬಾರಿ ಕೊಠಡಿ ಹಿಡಿದರೆ ಅದೇ ಅನುಪಾತದಲ್ಲಿ ಉಳಿದ ಖರ್ಚನ್ನೂ ಕಡಿಯುತ್ತಾರೆ. 4,500ರ ಕೊಠಡಿಗೆ 3,000 ಎಂದರೆ ಮೂರರಲ್ಲಿ ಎರಡು ಪಾಲು. ಸರ್ಜನ್ನರ ಫೀಸು 45,000 ಇದ್ದರೆ ವಿಮೆಯವರು ಕೊಡುವುದು 30,000. ಕೊಠಡಿಯ ಬಾಡಿಗೆಗೂ ಡಾಕ್ಟರ ಫೀಸಿಗೂ ಏನು ಸಂಬಂಧ ಎಂದು ಕೇಳಬಹುದು. ಹಲವು ಆಸ್ಪತ್ರೆಗಳಲ್ಲಿ ಸಂಬಂಧವಿದೆ. ಕೊಠಡಿಯ ದರ್ಜೆ ಏರಿದಂತೆ ಅದೇ ಆಪರೇಷನ್ನಿನ, ಅದೇ ನರ್ಸಿಂಗಿನ ದರವೂ ಏರುತ್ತದೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಡಿಸ್‌ಚಾರ್ಜ್ ದಿನ ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು "ಇವತ್ತು ಮನೆಗೆ ಹೋಗಬಹುದು ರಾಯರೆ" ಎಂದರು. ಮಾವ ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಮಂಚದ ತುದಿಯಲ್ಲಿ ಕೂತರು. ಫೈಲು ವಾರ್ಡಿನಿಂದ ಬಿಲ್ಲಿಂಗಿಗೆ, ಅಲ್ಲಿಂದ ವಿಮೆಯ ಡೆಸ್ಕಿಗೆ, ಅಲ್ಲಿಂದ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎಗೆ ಹೋಗಬೇಕು. ಮಧ್ಯಾಹ್ನದ ಊಟವೂ ಆಸ್ಪತ್ರೆಯಲ್ಲೇ ಆಯಿತು. ಕೊನೆಯ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು, ತಡವಾಗಿ ಆಸ್ಪತ್ರೆಯವರು ಹೆಚ್ಚಿಗೆ ಹಾಕಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಿನಲ್ಲೇ ಹೇಳಿದೆ. ಡೆಸ್ಕಿನಲ್ಲಿದ್ದ ಹುಡುಗಿಗೆ ಅದನ್ನು ಹೇಳಿದೆ. "ನಮ್ಮ ಕೈಲಿ ಏನಿದೆ ಆಂಟಿ, ಮೇಲ್ ಹಾಕಿದ್ದೀವಿ, ಅಲ್ಲಿಂದ ಬರಬೇಕು" ಎಂದಳು. ಪಾಪ, ಅವಳ ಕೈಯಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅವಳೂ ನನ್ನ ಹಾಗೆ ಪರದೆ ನೋಡುತ್ತ ಕೂತಿದ್ದಳು. ಸಂಜೆ ದೀಪ ಹಾಕುವ ಹೊತ್ತಿಗೆ ಹೊರಟೆವು.

ಮನೆಗೆ ಬಂದ ಮೇಲೆ ಊಟದ ಮೇಜಿನ ಮೇಲೆ ಬಿಲ್ಲನ್ನೂ ವಿಮೆಯವರ ಸೆಟ್ಲ್‌ಮೆಂಟ್ ಹಾಳೆಯನ್ನೂ ಅಕ್ಕಪಕ್ಕ ಹರಡಿ, ಸ್ಕೇಲು ಇಟ್ಟು ಸಾಲು ಸಾಲಾಗಿ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಹೋದೆ. ಕೈಗವಸು, ಮಾಸ್ಕು, ಯೂರಿನ್ ಜಗ್ಗು, ದಾಖಲೆಗಳ ಜೆರಾಕ್ಸು ಎಲ್ಲ ಕಡಿತ. ಈ ಕಡಿತಕ್ಕೆ ಒಂದು ಪಟ್ಟಿಯೇ ಇದೆ, 68 ಬಾಬತ್ತುಗಳದ್ದು. ಮಿನರಲ್ ವಾಟರಿನಿಂದ ಟೆಲಿವಿಷನ್ ಶುಲ್ಕದವರೆಗೆ ಅದರಲ್ಲಿವೆ, ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿಕೊಂಡಿಲ್ಲದಿದ್ದರೆ ಇವಕ್ಕೆ ದುಡ್ಡು ಬರುವುದಿಲ್ಲ. ಅದು ನಮಗೆ ಗೊತ್ತಿತ್ತು. ಮುಂದೆ ಹೋದಾಗ ಪೆನ್ಸಿಲು ನಿಂತಿತು. ಔಷಧಿಯ 24,000ದಲ್ಲಿ 8,000 ಕಡಿದಿದ್ದರು, ಲ್ಯಾಬಿನ 9,000ದಲ್ಲಿ 3,000. ಅದೇ ಮೂರರಲ್ಲೊಂದು ಪಾಲು. ಆದರೆ ಪ್ರಾಧಿಕಾರ 2020ರಲ್ಲೇ ಸ್ಪಷ್ಟವಾಗಿ ಬರೆದಿದೆ: ಔಷಧಿ, ಬಳಸಿ ಬಿಸಾಡುವ ಸಾಮಗ್ರಿ, ದೇಹದೊಳಗೆ ಇಡುವ ಉಪಕರಣ, ಪರೀಕ್ಷೆಗಳು, ಇವಕ್ಕೆ ಅನುಪಾತದ ಕಡಿತ ಹಾಕುವಂತಿಲ್ಲ. ಐಸಿಯು ಶುಲ್ಕಕ್ಕೂ ಇಲ್ಲ. ಕೊಠಡಿಗೊಂದು ದರವಿಲ್ಲದೆ ಎಲ್ಲರಿಗೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಈ ಕಡಿತವೇ ಇಲ್ಲ. ಅದು ನ್ಯಾಯವೂ ಹೌದು. ಒಂದು ಸ್ಟ್ರಿಪ್ ಮಾತ್ರೆಯ ಎಂಆರ್‌ಪಿ ಜನರಲ್ ವಾರ್ಡಿನಲ್ಲಿ ಒಂದು, ಸ್ಪೆಷಲ್ ವಾರ್ಡಿನಲ್ಲಿ ಇನ್ನೊಂದು ಇರುವುದಿಲ್ಲವಲ್ಲ.

ಕಂಪನಿಯ ದೂರು ವಿಭಾಗಕ್ಕೆ ಕಾಗದ ಬರೆದೆ, ಎರಡೂ ಹಾಳೆಗಳ ಪ್ರತಿ ಇಟ್ಟೆ, ಪ್ರಾಧಿಕಾರದ ಸುತ್ತೋಲೆಯ ಆ ಭಾಗ ಸೇರಿಸಿದೆ. ತಿಂಗಳೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವುದಾಗಿಯೂ ಬರೆದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕೆಲವು ವಾರಗಳಾದ ಮೇಲೆ ಮಾವನವರ ಖಾತೆಗೆ 11,000 ಬಂತು. ಜೊತೆಗೆ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ದುಡ್ಡು ಬಂದ ಸಂತೋಷಕ್ಕಿಂತ ಬೇರೊಂದು ಯೋಚನೆ ನನ್ನನ್ನು ಬಹಳ ಹೊತ್ತು ಕಾಡಿತು. ಅದೇ ವಾರ್ಡಿನಲ್ಲಿ ಪಕ್ಕದ ಕೊಠಡಿಯಲ್ಲಿದ್ದ ಟಿ. ನರಸೀಪುರದ ಕಡೆಯ ರೈತರಿಗೂ ಇಂಥದೇ ಹಾಳೆ ಕೊಟ್ಟಿದ್ದರು. ಅವರ ಮಗ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಕೈಗಡ ತಂದ ದುಡ್ಡು ಕಟ್ಟಿ ಹೋದ. ಅವನು ಅದನ್ನು ಓದಲಾರ ಎಂಬುದು ಆ ಹಾಳೆ ತಯಾರಿಸಿದವರಿಗೂ ಗೊತ್ತು.

ಎದುರು ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಬಡಾವಣೆಯವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ಮಗ ಅಮೆರಿಕದಲ್ಲಿ. ತಾಯಿಗೆ ತೊಂದರೆಯಾಗಬಾರದೆಂದು ಎಲ್ಲ ಖಾತೆಗಳಿಗೂ ತನ್ನ ನಂಬರನ್ನೇ ಕೊಟ್ಟಿದ್ದಾನೆ. ಹಾಗಾಗಿ ಮೈಸೂರಿನಲ್ಲಿ ಮಧ್ಯಾಹ್ನ ಟೀವಿ ನಿಂತರೆ ಓಟಿಪಿ ಹೋಗುವುದು ಅಲ್ಲಿ ನಡುರಾತ್ರಿಯಲ್ಲಿ ಮಲಗಿರುವ ಮಗನ ಫೋನಿಗೆ. ಅವರು ಸಂಜೆಯವರೆಗೆ ಕಾಯುತ್ತಾರೆ, ಮಗನನ್ನು ಎಬ್ಬಿಸುವುದಿಲ್ಲ. ಹೀಗೆ ಕಾದು ಸಾಕಾಗಿ ಒಮ್ಮೆ ಅವರೇ ಇಂಟರ್ನೆಟ್ಟಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದರು. ಎತ್ತಿದವನು ಅಚ್ಚ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ, "ಹೇಳಿ ಅಮ್ಮ, ಏನು ತೊಂದರೆ" ಎಂದು ಕೇಳಿದ. ಎಷ್ಟೋ ಸಮಯದ ನಂತರ ಒಬ್ಬರು ಸಮಾಧಾನದಿಂದ ಕೇಳಿಸಿಕೊಂಡರಲ್ಲ ಎಂದು ಅವರಿಗೆ ಎಷ್ಟು ಹಿತವಾಯಿತೆಂದರೆ, ಅವನು ಹೇಳಿದ ಆ್ಯಪನ್ನು ಹಾಕಿಕೊಳ್ಳಲು ಹೊರಟಿದ್ದರು. ಆ ಹೊತ್ತಿಗೆ ನಾನು ಹಾಲಿಗೆ ಹೆಪ್ಪು ಕೇಳಲು ಹೋದೆ, ಫೋನ್ ಕಟ್ ಮಾಡಿಸಿದೆ. ದುಡ್ಡು ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕಿತ್ತು. ಅಸಲಿ ಕಂಪನಿಗಳು ಮನುಷ್ಯರನ್ನು ತೆಗೆದ ಕುರ್ಚಿಯಲ್ಲಿ ವಂಚಕ ಬಂದು ಕೂತಿದ್ದಾನೆ, ಜನ ಬಯಸುವ ಸಹನೆಯನ್ನೂ ಭಾಷೆಯನ್ನೂ ಅವನು ಕಲಿತುಕೊಂಡಿದ್ದಾನೆ. ಕನ್ನಡದಲ್ಲಿ ಮಾತಾಡುವ ಜನರನ್ನು ಇಡುವುದು ದುಬಾರಿ ಎನ್ನುವವರು ಈ ಮಾತಿಗೆ ಉತ್ತರ ಕೊಡಬೇಕು.

ತಿಂಗಳು ತಿಂಗಳು ನಮ್ಮಿಂದ ದುಡ್ಡು ತೆಗೆದುಕೊಳ್ಳುವ ಪ್ರತಿಯೊಬ್ಬರೂ ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯನನ್ನು ಫೋನಿನ ಆ ತುದಿಯಲ್ಲಿ ಇಡಲೇಬೇಕೆಂದು ಕಾನೂನಾಗಬೇಕು. ಈಗಾಗಲೇ ಕಾನೂನು ಇರುವ ಕಡೆಗಳಲ್ಲಿ ನಮ್ಮ ಹಕ್ಕನ್ನು ನಾವು ಕೇಳಬೇಕು. ಪಾಲಿಸಿಯ ಮುಖ್ಯ ಅಂಶಗಳ ಹಾಳೆಯನ್ನು ಗ್ರಾಹಕರು ಬಯಸಿದರೆ ಅವರ ಭಾಷೆಯಲ್ಲೇ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಟೀವಿ, ಆ್ಯಪು, ಆಸ್ಪತ್ರೆ ಯಾವುದೇ ಇರಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ದೂರು ಕೊಡಬಹುದು. ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಟೀಚರ್ ಮನೆಯ ಫ್ರಿಜ್ಜಿಗೂ ನಮ್ಮ ಫ್ರಿಜ್ಜಿಗೂ ಅಂಟಿಸಿದ್ದೇನೆ.

ಮನೆಯೊಳಗೂ ಒಂದು ಮಾತಿದೆ. ಈ ಕೆಲಸ ಒಬ್ಬರ ತಲೆಯಲ್ಲೇ ಇದ್ದರೆ ಅವರು ಮಲಗಿದ ದಿನ ಮನೆಯೇ ನಿಂತುಹೋಗುತ್ತದೆ. ಈಗ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಸೇವೆಗೂ ಒಂದು ಪುಟ ಮಾಡಿದ್ದೇನೆ: ಯಾವ ದಿನ ದುಡ್ಡು ಹೋಗುತ್ತದೆ, ಎಷ್ಟು, ನಿಲ್ಲಿಸುವುದು ಹೇಗೆ. ಗುಟ್ಟಿನ ಪಿನ್ನುಗಳು ಅದರಲ್ಲಿಲ್ಲ. ಮಗಳು ಕೇಬಲ್ಲು, ಆ್ಯಪುಗಳ ಪುಟ ನೋಡಿಕೊಳ್ಳುತ್ತಾಳೆ, ನಮ್ಮ ಯಜಮಾನರು ಕರೆಂಟು, ನೀರು, ಗ್ಯಾಸಿನದ್ದು. ಆಸ್ಪತ್ರೆಯದ್ದು ನನ್ನ ಬಳಿಯೇ ಇದೆ.

ಟೀಚರ್ ಪಾಲಿಸಿಯ ನವೀಕರಣ ಮುಂದಿನ ತಿಂಗಳಿದೆ. ಅವರದ್ದೂ ಶೇಕಡಾ 1ರ ಕೊಠಡಿ ಮಿತಿಯದ್ದೇ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಹೀಗೆ ಉಳಿಯುವ ದುಡ್ಡಿನಲ್ಲಿ ಕೊಠಡಿ ಮಿತಿ ತೆಗೆಸಲು ಆಗುತ್ತದೆಯೇ, ಅವರ ವಯಸ್ಸಿಗೆ ಎಷ್ಟು ಹೆಚ್ಚು ಕೇಳುತ್ತಾರೆ ಎಂದು ವಿಚಾರಿಸಬೇಕು. ಕಂಪನಿಯ ಶಾಖೆ ನಗರದಲ್ಲೇ ಇದೆ. ಸೋಮವಾರ ಬೆಳಗ್ಗೆ ಟೀಚರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಮುಖ್ಯಾಂಶಗಳ ಹಾಳೆ ಕನ್ನಡದಲ್ಲಿ ಬೇಕೆಂದು ಅರ್ಜಿಯನ್ನು ಅವರೇ ತಮ್ಮ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದಾರೆ.